ಗದಗಿನಲ್ಲಿ ನೌಕರಿ ಮಾಡುತ್ತಲೇ ಹೂಡಿಕೆ ಸಲಹೆಗಾರರ ಪರೀಕ್ಷೆಗೆ ಓದುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಗದಗಿನ ಸೌಹಾರ್ದ ಸಹಕಾರಿಯೊಂದರಲ್ಲಿ ಕೆಲಸ, ಬಿ.ಕಾಂ. ಆಗಿದೆ, ಓದಿದ್ದೆಲ್ಲ ಕನ್ನಡದಲ್ಲಿ. ಷೇರುಪೇಟೆಯ ಪರೀಕ್ಷೆಗಳನ್ನು ನಡೆಸುವ ಸಂಸ್ಥೆ ಎನ್‌ಐಎಸ್‌ಎಂನ ಎಕ್ಸ್-ಎ ಮತ್ತು ಎಕ್ಸ್-ಬಿ, ಅಂದರೆ ಹೂಡಿಕೆ ಸಲಹೆಗಾರರ ಎರಡು ಹಂತದ ಪರೀಕ್ಷೆ ಬರೆಯಬೇಕು. ಹುಬ್ಬಳ್ಳಿಗೆ ಕ್ಲಾಸಿಗೆ ಹೋಗಬೇಕೇ, ಎಷ್ಟು ತಿಂಗಳು ಬೇಕು, ಇಂಗ್ಲಿಷ್ ಅಡ್ಡ ಬರುತ್ತದೆಯೇ?

ಕ್ಲಾಸು ಬೇಡ. ಗದಗಿನಿಂದ ಹುಬ್ಬಳ್ಳಿಗೆ ಹೋಗಿಬರುವ ಹೊತ್ತನ್ನು ಲೆಕ್ಕ ಮಾಡಲು ಕೊಟ್ಟರೆ ಅದೇ ಹೆಚ್ಚು ಅಂಕ ತರುತ್ತದೆ. ದಿನಕ್ಕೆ ಒಂದೂವರೆ ತಾಸಿನಂತೆ ಎಕ್ಸ್-ಎಗೆ ಹತ್ತು ವಾರ, ಆಮೇಲೆ ಎಕ್ಸ್-ಬಿಗೆ ಎಂಟು ವಾರ ಇಟ್ಟುಕೊಳ್ಳಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಮ್ಯೂಚುವಲ್ ಫಂಡ್ ಮಾರಿ ಕಂಪನಿಯಿಂದ ಕಮಿಷನ್ ತೆಗೆದುಕೊಳ್ಳುವವರಿಗೆ ಫೈವ್-ಎ ಪರೀಕ್ಷೆ: 100 ಪ್ರಶ್ನೆ, ಎರಡು ತಾಸು, 50 ಅಂಕಕ್ಕೆ ಪಾಸು, ತಪ್ಪಿಗೆ ಅಂಕ ಕಡಿತವಿಲ್ಲ. ಗ್ರಾಹಕರಿಂದಲೇ ಶುಲ್ಕ ಪಡೆದು ಸಲಹೆ ಕೊಡುವವರು ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಬೇಕು, ಅದಕ್ಕೆ ಎಕ್ಸ್-ಎ, ಎಕ್ಸ್-ಬಿ ಎರಡೂ ಪಾಸಾಗಿರಬೇಕು. ಒಂದೇ ಗ್ರಾಹಕರಿಗೆ ಸಲಹೆಯ ಶುಲ್ಕವನ್ನೂ ಹಾಕಿ, ಕಮಿಷನ್ನನ್ನೂ ತೆಗೆದುಕೊಳ್ಳುವಂತಿಲ್ಲ. ನಿಮ್ಮ ಗುರಿ ಎರಡನೆಯದಾದರೆ ಫೈವ್-ಎ ಬರೆಯುತ್ತ ಎರಡು ತಿಂಗಳು ಕಳೆಯಬೇಡಿ.

ಎಕ್ಸ್-ಎ ಮೂರು ತಾಸಿನದು, 135 ಅಂಕ. 90 ಬಿಡಿ ಪ್ರಶ್ನೆಗಳು, ಮೇಲೆ 9 ಪ್ರಸಂಗಗಳು (ಕೇಸ್ ಸ್ಟಡಿ), ಪ್ರತಿ ಪ್ರಸಂಗಕ್ಕೆ 5 ಪ್ರಶ್ನೆ. ಪಾಸಿಗೆ 60 ಶೇಕಡಾ, ಅಂದರೆ 81 ಅಂಕ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಈ ಕಾಲು ಅಂಕಕ್ಕೆ ಹೆದರಿ ಮೂವತ್ತು ಪ್ರಶ್ನೆ ಖಾಲಿ ಬಿಡುವವರಿದ್ದಾರೆ. ಅದು ತಪ್ಪು ಲೆಕ್ಕ ನೋಡ್ರಿ. ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ಅಲ್ಲವೆಂದು ಗೊತ್ತಾದರೆ, ಉಳಿದ ಎರಡರಲ್ಲಿ ಒಂದನ್ನು ಒತ್ತಿದಾಗ ಸರಾಸರಿ 0.375 ಅಂಕ ಲಾಭ. ಒಂದನ್ನು ಮಾತ್ರ ತೆಗೆದುಹಾಕಲು ಸಾಧ್ಯವಾದರೂ ಸುಮಾರು 0.17 ಲಾಭವೇ. ಏನೂ ತಿಳಿಯದೆ ಒತ್ತಿದರೆ ಮಾತ್ರ ಲಾಭ ಹೆಚ್ಚುಕಡಿಮೆ ಸೊನ್ನೆ, ಅಂಥವನ್ನು ಬಿಡಿ. 100 ಪ್ರಶ್ನೆ ಉತ್ತರಿಸಿ 85 ಸರಿಯಾದರೆ ಕಡಿತ ಹೋಗಿ 81.25 ಉಳಿಯುತ್ತದೆ, ಅಂದರೆ ಕೂದಲೆಳೆಯ ಅಂತರದ ಪಾಸು. ಅದಕ್ಕೇ 120ರ ಮೇಲೆ ಉತ್ತರಿಸುವ ಅಭ್ಯಾಸ ಬೇಕು. ಎಕ್ಸ್-ಬಿಗೆ 150 ಅಂಕ, ಪಾಸಿನ ಮಟ್ಟ ಮತ್ತು ಕಡಿತ ಅದೇ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ನಪಾಸಾದವರ ಅಂಕ ಹೋಗುವುದು ಹೆಚ್ಚಾಗಿ ನಿಯಮಗಳಲ್ಲಲ್ಲ, ಹಣದ ಕಾಲಮೌಲ್ಯದ ಲೆಕ್ಕದಲ್ಲಿ, ಅಂದರೆ ಇಂದಿನ ರೂಪಾಯಿ ಮುಂದೆ ಎಷ್ಟಾಗುತ್ತದೆ, ಮುಂದಿನ ರೂಪಾಯಿ ಇಂದಿಗೆ ಎಷ್ಟು ಎಂಬ ಲೆಕ್ಕದಲ್ಲಿ. ಸೂತ್ರ ಬಾಯಿಗೆ ಬಂದಿರುತ್ತದೆ. ಆದರೆ ಮೂರು ಕಡೆ ಜಾರುತ್ತಾರೆ: ದರ ತಿಂಗಳದ್ದೋ ವರ್ಷದ್ದೋ, ಅವಧಿ ಎಷ್ಟು, ಕಂತು ಅವಧಿಯ ಆರಂಭಕ್ಕೋ ಕೊನೆಗೋ. ಕೊನೆಯದು ನಿಮಗೆ ಸುಲಭವಾಗಬೇಕು, ಏಕೆಂದರೆ ಎರಡೂ ಬಗೆಯನ್ನು ನೀವು ಕೌಂಟರಿನಲ್ಲಿ ದಿನಾ ನೋಡುತ್ತೀರಿ. ಆರ್‌ಡಿ ಕಂತು ತಿಂಗಳ ಆರಂಭದಲ್ಲಿ ಬಂದು ಆ ತಿಂಗಳೂ ಬಡ್ಡಿ ಗಳಿಸುತ್ತದೆ. ಸಾಲದ ಕಂತು ತಿಂಗಳು ಮುಗಿದ ಮೇಲೆ ಬರುತ್ತದೆ. ಪ್ರಶ್ನೆ ಓದಿದ ಕೂಡಲೇ "ಇದು ಆರ್‌ಡಿಯೋ, ಸಾಲದ ಕಂತೋ?" ಎಂದು ಕೇಳಿಕೊಳ್ಳಿ.

ತಿಂಗಳಿಗೆ 5,000 ರೂಪಾಯಿಯಂತೆ ಹತ್ತು ವರ್ಷದ ಎಸ್‌ಐಪಿ (ಫಂಡಿಗೆ ತಿಂಗಳು ತಿಂಗಳು ಕಟ್ಟುವ ಕಂತು), ದರ 12 ಶೇಕಡಾ ಎನ್ನೋಣ. ಪ್ರತಿ ತಿಂಗಳು ಚಕ್ರಬಡ್ಡಿ ಎಂದಿದ್ದರೆ ತಿಂಗಳ ದರ 1 ಶೇಕಡಾ. ತಿಂಗಳ ಕೊನೆಗೆ ಕಟ್ಟಿದರೆ ಸುಮಾರು 11,50,193 ರೂಪಾಯಿ, ಆರಂಭಕ್ಕೆ ಕಟ್ಟಿದರೆ ಅದರ 1.01 ಪಟ್ಟು, 11,61,695. ವಾರ್ಷಿಕ ಪರಿಣಾಮಕಾರಿ ದರವೇ 12 ಎಂದಿದ್ದರೆ 12ರಿಂದ ಭಾಗಿಸುವಂತಿಲ್ಲ. 1.12ರ ಹನ್ನೆರಡನೇ ಮೂಲ ತೆಗೆದು ಒಂದನ್ನು ಕಳೆಯಬೇಕು, ಆಗ ತಿಂಗಳ ದರ 0.9489 ಶೇಕಡಾ, ಕೊನೆಗೆ ಕಟ್ಟಿದ ಮೊತ್ತ ಸುಮಾರು 11.10 ಲಕ್ಷ. ತಪ್ಪು ದಾರಿ ಹಿಡಿದವರಿಗೂ ಆಯ್ಕೆಗಳಲ್ಲಿ ಅವರ ಉತ್ತರ ಸಿಗುವಂತೆ ಪ್ರಶ್ನೆ ಮಾಡಬಹುದು. ಉತ್ತರ ಆಯ್ಕೆಯಲ್ಲಿದೆ ಎಂದಮಾತ್ರಕ್ಕೆ ಸರಿ ಎಂದು ನಂಬಬೇಡಿ.

ಎಕ್ಸ್-ಬಿಯ ನಿವೃತ್ತಿ ಯೋಜನೆಯಲ್ಲಿ ಇದೇ ಲೆಕ್ಕ ಇನ್ನೊಂದು ಸುತ್ತು ಬರುತ್ತದೆ. ಇಂದು ಮನೆಯ ಖರ್ಚು ತಿಂಗಳಿಗೆ 25,000, ನಿವೃತ್ತಿಗೆ 20 ವರ್ಷ, ಹಣದುಬ್ಬರ 6 ಶೇಕಡಾ ಎಂದರೆ ಆಗಿನ ಖರ್ಚು ತಿಂಗಳಿಗೆ 80,178, ವರ್ಷಕ್ಕೆ ಸುಮಾರು 9.62 ಲಕ್ಷ. ಆಮೇಲೆ 25 ವರ್ಷ ಬದುಕಿಗೆ, ಹೂಡಿಕೆಯ ಗಳಿಕೆ 9 ಶೇಕಡಾ. ಇಲ್ಲಿ 9ರಲ್ಲಿ 6 ಕಳೆದು 3 ಎಂದು ಬರೆಯುವುದೇ ಸಾಮಾನ್ಯ ತಪ್ಪು. 1.09ನ್ನು 1.06ರಿಂದ ಭಾಗಿಸಿ ಒಂದು ಕಳೆದರೆ ನಿಜವಾದ ದರ 2.83. ಖರ್ಚಿನ ಹಣ ವರ್ಷದ ಆರಂಭದಲ್ಲೇ ಬೇಕು, ಹಾಗಾಗಿ ಇದು ಆರ್‌ಡಿ ಜಾತಿಯ ಲೆಕ್ಕ. ಬೇಕಾದ ನಿಧಿ ಸುಮಾರು 1 ಕೋಟಿ 75.6 ಲಕ್ಷ. ವರ್ಷದ ಕೊನೆಗೆ ಎಂದು ಹಿಡಿದರೆ 1 ಕೋಟಿ 70.8 ಲಕ್ಷ ಬಂದು, ಐದು ಲಕ್ಷದ ಹತ್ತಿರ ಕೊರತೆ. ಇಂಥ ಐದು ಲೆಕ್ಕಗಳನ್ನು ದಿನವೂ ಕಾಗದದ ಮೇಲೆ ಮಾಡಿ. ಮೊದಲ ಮೂರು ವಾರ ಬೇರೆ ಏನೂ ಓದದಿದ್ದರೂ ಚಿಂತೆಯಿಲ್ಲ.

ಇಂಗ್ಲಿಷ್ ವಿಷಯ. ಪರೀಕ್ಷೆಯ ಪಠ್ಯಪುಸ್ತಕವಾದ ವರ್ಕ್‌ಬುಕ್ಕೂ ಪ್ರಶ್ನೆಗಳೂ ಇಂಗ್ಲಿಷಿನಲ್ಲೇ. ಅನುವಾದ ಬರೆದುಕೊಳ್ಳುತ್ತ ಕೂರಬೇಡಿ. ಇಂಗ್ಲಿಷ್ ಪದವನ್ನು ಹಾಗೇ ಇಟ್ಟು, ಎದುರಿಗೆ ನಿಮಗೆ ಗೊತ್ತಿರುವ ವ್ಯವಹಾರ ಬರೆಯಿರಿ. ಲಿಕ್ವಿಡಿಟಿ ಎಂದರೆ ಬೇಕೆಂದಾಗ ರೊಕ್ಕ ಆಗುವ ಗುಣ: ಪಿಗ್ಮಿಗೆ ಇದೆ, ಬೆಟಗೇರಿಯ ನಿವೇಶನಕ್ಕೆ ಕಡಿಮೆ. ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದರೆ ಸರಾಸರಿಯಿಂದ ಎಷ್ಟು ಆಚೀಚೆ ಆಗುತ್ತದೆ ಎಂಬುದು. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ನೆನೆಸಿಕೊಂಡರೆ ಸಾಕು. ಗಳಿಕೆಯಲ್ಲಿ ಅಪಾಯವಿಲ್ಲದ ದರವನ್ನು ಕಳೆದು ಉಳಿದದ್ದನ್ನು ಶಾರ್ಪ್ ಅನುಪಾತದಲ್ಲಿ ಭಾಗಿಸುವುದು ಇದರಿಂದ, ಟ್ರೇನರ್ ಅನುಪಾತದಲ್ಲಿ ಬೀಟಾದಿಂದ, ಅಂದರೆ ಮಾರುಕಟ್ಟೆ ಏರಿಳಿದಂತೆ ಫಂಡು ಎಷ್ಟು ಏರಿಳಿಯುತ್ತದೆ ಎಂಬ ಅಳತೆಯಿಂದ. 14 ಶೇಕಡಾ ಗಳಿಸಿ 20 ಆಚೀಚೆ ಆಗುವ ಫಂಡು, 12 ಗಳಿಸಿ 12 ಆಚೀಚೆ ಆಗುವ ಫಂಡು, ಅಪಾಯವಿಲ್ಲದ ದರ 6 ಎಂದಾಗ ಶಾರ್ಪ್ 0.4 ಮತ್ತು 0.5. ಗಳಿಕೆ ಕಡಿಮೆಯಾದರೂ ಎರಡನೆಯದೇ ಮೇಲು.

ಎಕ್ಸ್-ಬಿಯಲ್ಲಿ ತೀರಿಕೊಂಡ ಮೇಲಿನ ಆಸ್ತಿ ಹಂಚಿಕೆಯ (ಎಸ್ಟೇಟ್ ಪ್ಲಾನಿಂಗ್) ಪಾಠದಲ್ಲಿ ನಿಮ್ಮ ಕೆಲಸದ ರೂಢಿಯೇ ಅಡ್ಡ ಬರಬಹುದು. ಠೇವಣಿದಾರರು ತೀರಿಕೊಂಡರೆ ಹಣ ನಾಮಿನಿಯ ಕೈಗೆ ಕೊಡುತ್ತೀರಿ, ಆದರೆ ನಾಮಿನಿ ಮಾಲೀಕರಲ್ಲ, ವಾರಸುದಾರರ ಪರವಾಗಿ ಪಡೆಯುವವರು. ಉಯಿಲಿಗೆ ಇಬ್ಬರು ಸಾಕ್ಷಿ ಬೇಕು, ನೋಂದಣಿ ಕಡ್ಡಾಯವಲ್ಲ.

ವಾಟ್ಸಾಪಿನಲ್ಲಿ ತಿರುಗುವ ಹಳೆಯ ನೋಟ್ಸು, ಪ್ರಶ್ನೆಗಳ ಪಿಡಿಎಫ್ ಮುಟ್ಟಬೇಡಿ ಎಂದು ಒತ್ತಿ ಹೇಳುತ್ತೇನೆ. ಷೇರಿನ ದೀರ್ಘಾವಧಿ ಲಾಭದ ತೆರಿಗೆ 2024ರ ಜುಲೈ 23ರಿಂದ 12.5 ಶೇಕಡಾ, ವಿನಾಯಿತಿ 1.25 ಲಕ್ಷ; ಹಳೆಯ ನೋಟ್ಸಿನಲ್ಲಿ 10 ಶೇಕಡಾ, 1 ಲಕ್ಷ ಎಂದೇ ಇರುತ್ತದೆ. ಸಲಹೆಗಾರರ ನಿವ್ವಳ ಆಸ್ತಿಯ ಷರತ್ತು ಹೋಗಿ ಠೇವಣಿ ಬಂದಿದೆ, 150 ಗ್ರಾಹಕರವರೆಗೆ 1 ಲಕ್ಷ. ಒಂದು ಕುಟುಂಬದಿಂದ ವರ್ಷಕ್ಕೆ ಪಡೆಯಬಹುದಾದ ನಿಗದಿತ ಶುಲ್ಕದ ಮಿತಿ 1,25,000 ಇದ್ದದ್ದು 1,51,000 ಆಗಿದೆ. ಎನ್‌ಐಎಸ್‌ಎಂ ಜಾಲತಾಣದಿಂದ ಈಗಿನ ವರ್ಕ್‌ಬುಕ್ ಇಳಿಸಿಕೊಳ್ಳಿ, ಮುಖಪುಟದ ಒಳಗಿನ ಆವೃತ್ತಿಯ ತಿಂಗಳು ನೋಡಿ.

ಕೊನೆಯ ಎರಡು ವಾರ ಗಡಿಯಾರ ಇಟ್ಟು ಅಭ್ಯಾಸ ಮಾಡಿ. ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡು. ಪ್ರಸಂಗದಲ್ಲಿ ಮೊದಲು ಐದು ಪ್ರಶ್ನೆ ಓದಿ, ಆಮೇಲೆ ಕಥೆ. ವಯಸ್ಸು, ವರ್ಷ, ದರ ಇಷ್ಟನ್ನೇ ಕಚ್ಚಾ ಹಾಳೆಗೆ ಇಳಿಸಿ.

ಎರಡೂ ಪ್ರಮಾಣಪತ್ರಗಳಿಗೆ ಮೂರು ವರ್ಷದ ಮಾನ್ಯತೆ, ಆದ್ದರಿಂದ ಎಕ್ಸ್-ಎ ಪಾಸಾಗಿ ವರ್ಷಗಟ್ಟಲೆ ಸುಮ್ಮನಿರಬೇಡಿ. ಪರೀಕ್ಷೆಯ ನೋಂದಣಿಗೆ ಪ್ಯಾನ್ ಬೇಕು. ನಮ್ಮ ಕಡೆ ಪ್ಯಾನಿನಲ್ಲಿ ತಂದೆಯ ಹೆಸರು ಪೂರ್ತಿ, ಪದವಿ ಪ್ರಮಾಣಪತ್ರದಲ್ಲಿ ಬರೀ ಇನಿಷಿಯಲ್ ಇರುವುದು ಸಾಮಾನ್ಯ. ಮುಂದೆ ಸೆಬಿಗೆ ಅರ್ಜಿ ಹಾಕುವಾಗ ಎರಡೂ ದಾಖಲೆ ಕೇಳುತ್ತಾರೆ, ಹೊಂದಾಣಿಕೆ ಇಲ್ಲದಿದ್ದರೆ ಈಗಲೇ ತಿದ್ದಿಸಿ, ಆಮೇಲೆ ಪರೀಕ್ಷೆಯ ಶುಲ್ಕ ಕಟ್ಟಿ.