ಕಾಯಲು ಬಾರದ ಅಪ್ಪ, ಮಾತು ಬಿಟ್ಟ ಮಗಳು

ಗುರುತು ಸಿಗದಂತೆ ಈ ಪ್ರಕರಣದ ವಿವರಗಳನ್ನು ಬದಲಿಸಿದ್ದೇನೆ.

ನನ್ನ ಬಳಿ ಸಲಹೆಗೆ ಬಂದವರು ನಲವತ್ತೈದರ ಆಸುಪಾಸಿನ ಉದ್ಯಮಿ. ತಂದೆ ಕಟ್ಟಿದ ವ್ಯವಹಾರವನ್ನು ಇನ್ನೂ ದೊಡ್ಡದು ಮಾಡಿದವರು. ಹದಿಹರೆಯದ ಮಗಳು ‘ಅಪ್ಪನ ಜೊತೆ ಎಲ್ಲಿಗೂ ಬರಲ್ಲ’ ಎಂದು ಹಟ ಹಿಡಿದ ಮೇಲೆ ಹೆಂಡತಿಯೇ ಅವರನ್ನು ಕಳಿಸಿದ್ದರು.

ಆಟವಾಡುವಾಗ ಮಗಳ ಮಣಿಕಟ್ಟು ಉಳುಕಿತ್ತು. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರು. ಅಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ಲೆಕ್ಕವಿಲ್ಲ. ಯಾರ ಸ್ಥಿತಿ ಹೆಚ್ಚು ಗಂಭೀರವೋ ಅವರಿಗೆ ಮೊದಲು. ಆಮೇಲೆ ಬಂದ ಎದೆನೋವಿನ ರೋಗಿಯನ್ನು ಒಳಗೆ ಕರೆದುಕೊಂಡಾಗ ಇವರು ನರ್ಸ್ ಮೇಲೆ ಎಗರಾಡಿದರು. ‘ನಾನು ಯಾರು ಅಂತ ಗೊತ್ತಾ?’ ಎಂದರು. ಆಡಳಿತದ ದೊಡ್ಡವರಿಗೆ ಫೋನ್ ಮಾಡಿದರು. ಮಗಳು ಎದ್ದು ಹೊರಗೆ ಹೋದಳು.

‘ಅವಳಿಗಾಗಿಯೇ ಜಗಳವಾಡಿದೆ. ಅವಳೇ ಮಾತು ಬಿಟ್ಟಳು’ ಎಂದು ನನ್ನೆದುರು ಕೂತು ನೊಂದುಕೊಂಡರು. ಆ ನೋವು ನಿಜವಾದದ್ದು. ಆದರೆ ಅದೇ ಭೇಟಿಯಲ್ಲಿ, ಜಾಸ್ತಿ ಫೀಸು ಕೊಟ್ಟರೆ ಬೇಗ ಮುಗಿಸಬಹುದಾ, ನೀವೇ ನಮ್ಮ ಮನೆಗೆ ಬರಬಹುದಾ ಎಂದೂ ಕೇಳಿದರು. ಎರಡಕ್ಕೂ ಆಗುವುದಿಲ್ಲ ಎಂದೆ. ಎಲ್ಲರಂತೆ ಸಮಯ ತೆಗೆದುಕೊಂಡು ಬರುವುದೂ ಅವರ ಚಿಕಿತ್ಸೆಯ ಭಾಗವಾಗಿತ್ತು.

ಸಿಡುಕುತನ ಇತ್ತೀಚೆಗೆ ದಿಢೀರನೆ ಶುರುವಾಗಿದ್ದರೆ ಮೊದಲು ನಿದ್ದೆ, ಕುಡಿತ, ಖಿನ್ನತೆ, ಮನಸ್ಸಿನ ಏರುಪೇರು ಇವನ್ನು ನೋಡಬೇಕು. ಬೇಕಾದರೆ ಮನೋವೈದ್ಯರ ಹತ್ತಿರ ಕಳಿಸಬೇಕು. ಇವರದ್ದು ಹಾಗಲ್ಲ, ಚಿಕ್ಕಂದಿನಿಂದ ಬಂದದ್ದು. ಅವರಿಗಾಗಿ ಕಾಯಲು ಯಾವಾಗಲೂ ಬೇರೆ ಯಾರೋ ಇರುತ್ತಿದ್ದರು. ಅಂಥವರಿಗೆ ‘ತಾಳಿದವನು ಬಾಳಿಯಾನು’ ಎಂದು ಗಾದೆ ಹೇಳಿ ಏನು ಪ್ರಯೋಜನ? ತಾಳ್ಮೆ ಅಭ್ಯಾಸದಿಂದ ಬರುವಂಥದ್ದು. ಇವರಿಗೆ ಆ ಅಭ್ಯಾಸಕ್ಕೆ ಅವಕಾಶವೇ ಸಿಕ್ಕಿರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಪಿಫ್ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ರಸ್ತೆ ದಾಟುವವರಿಗೆ ನಿಲ್ಲಿಸದೆ ಮುಂದೆ ನುಗ್ಗುವುದು ದುಬಾರಿ ಕಾರಿನವರಲ್ಲೇ ಹೆಚ್ಚು ಕಂಡಿತ್ತು. ಅದರ ಬಗ್ಗೆ ಸಂಶೋಧಕರಲ್ಲಿ ವಾದಗಳೂ ಇವೆ. ಹಣವಿದ್ದವರೆಲ್ಲ ಹೀಗೆ ಎಂದು ನಾನು ಹೇಳಲಾರೆ, ತುಂಬ ಸೌಮ್ಯವಾದ ಶ್ರೀಮಂತರನ್ನೂ ನೋಡಿದ್ದೇನೆ. ಆದರೆ ದಾರಿ ತಾನಾಗಿ ತೆರೆದುಕೊಳ್ಳುವುದು ರೂಢಿಯಾದರೆ, ಅಡ್ಡ ನಿಂತವರು ಮನುಷ್ಯರು ಅನ್ನೋದೇ ಮರೆತುಹೋಗುತ್ತದೆ.

ನಾನು ಕೊಟ್ಟ ಮೊದಲ ಕೆಲಸ ಒಂದು ಪುಟ್ಟ ನೋಟ್‌ಬುಕ್. ನೀವು ಯಾರಿಗಾಗಿ ಕಾದಿರಿ ಎಂದು ಬರೆಯಬೇಡಿ. ನಿಮಗಾಗಿ ಯಾರು ಯಾರು ಕಾದರು ಎಂದು ಬರೆಯಿರಿ ಎಂದೆ. ಅವರಿಗೆ ಅಚ್ಚರಿಯಾಯಿತು. ಮುಂದಿನ ಸಲ ಬಂದಾಗ ಪುಟಗಳು ತುಂಬಿದ್ದವು. ರಾತ್ರಿ ತಡವಾಗುವವರೆಗೂ ಕಾರಿನಲ್ಲೇ ಕೂತಿದ್ದ ಡ್ರೈವರ್. ಇವರು ಬರುವವರೆಗೆ ಶುರುವಾಗದ ಮೀಟಿಂಗ್. ಸಹಿಗಾಗಿ ಮೇಜಿನ ಮೇಲೆ ವಾರಗಟ್ಟಲೆ ಬಿದ್ದಿದ್ದ, ಸಣ್ಣ ಸರಬರಾಜುದಾರನೊಬ್ಬನ ಬಿಲ್. ‘ಆತ ನನ್ನ ಮೇಲೆ ಒಂದು ಸಲವೂ ಕೂಗಾಡಲಿಲ್ಲ’ ಎಂದರು. ಕೂಗಾಡಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ‘ವ್ಯವಹಾರ ನಿಲ್ಲಿಸುತ್ತಿದ್ದೆ’ ಎಂದವರು ಬಹಳ ಹೊತ್ತು ಮಾತಾಡಲಿಲ್ಲ. ಬಿಲ್ ಪಾವತಿಯನ್ನು ಅವತ್ತೇ ಮುಗಿಸಿ ಎಂದೆ.

ಆಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲಿಸ್ 1950ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ ಮುಂದುವರಿದೆವು. ಸಿಟ್ಟು ಬಂದ ಗಳಿಗೆಯಲ್ಲಿ ತಲೆಯಲ್ಲಿ ಓಡುವ ಮಾತನ್ನು ಹಿಡಿಯುವುದು, ಅದರಲ್ಲಿ ಆಸೆ ಎಷ್ಟು, ಹುಕುಂ ಎಷ್ಟು ಎಂದು ನೋಡುವುದು. ‘ಬೇಗ ಆದರೆ ಒಳ್ಳೆಯದು’ ಎಂಬುದರಲ್ಲಿ ತಪ್ಪಿಲ್ಲ. ‘ನನ್ನನ್ನು ಕಾಯಿಸುವ ಹಾಗೇ ಇಲ್ಲ’ ಎಂಬಲ್ಲಿಂದ ಕೂಗಾಟ ಶುರು. ಅದರ ಕೆಳಗೆ ಇವರಲ್ಲಿ ಭಯವಿತ್ತು. ಮಗಳ ನೋವು ತನ್ನ ಕೈಯಲ್ಲಿಲ್ಲ, ಇಲ್ಲಿ ತಾನೂ ಎಲ್ಲರ ಹಾಗೇ ಒಬ್ಬ ಎಂಬ ಭಯ.

ಜೊತೆಗೆ ಬೇರೆ ಅಭ್ಯಾಸಗಳೂ ಇದ್ದವು. ವಾರದಲ್ಲಿ ಕೆಲವು ಸಲ ತಾವೇ ಸರದಿಯಲ್ಲಿ ನಿಲ್ಲುವುದು, ಸಹಾಯಕನನ್ನು ಕಳಿಸದಿರುವುದು, ಪ್ರಭಾವಿಗಳಿಗೆ ಫೋನ್ ಮಾಡದಿರುವುದು. ಯಾಕೆ ತಡ ಎಂದು ಗೊತ್ತಿಲ್ಲದಿದ್ದರೆ ಯಾರಿಗೇ ಆದರೂ ಕಾಯುವುದು ಇನ್ನೂ ಕಷ್ಟ. ಅದಕ್ಕೆ ‘ಇನ್ನೆಷ್ಟು ಹೊತ್ತಾಗಬಹುದು?’ ಎಂದು ಒಮ್ಮೆ ಮೆಲ್ಲಗೆ ಕೇಳುವುದಕ್ಕೆ ಅಡ್ಡಿಯಿಲ್ಲ ಎಂದೆ.

ನರ್ಸ್‌ಗೆ ಕ್ಷಮೆ ಕೇಳಿ ಪತ್ರ ಬರೆದರು. ಉಡುಗೊರೆ ಬೇಡ, ‘ಆದರೆ’ ಎಂಬ ಮಾತೂ ಬೇಡ ಎಂದಿದ್ದೆ. ಮೊದಲ ಕರಡಿನಲ್ಲಿ ಎರಡೂ ಇದ್ದವು. ಮಗಳಿಗೂ ಹೊಸ ಫೋನ್ ಕೊಡಿಸುವ ಯೋಚನೆ ಇತ್ತು, ಅದನ್ನೂ ಬಿಡಿಸಿದೆ. ಅವಳು ಈಗ ಮಾತಾಡುತ್ತಾಳೆ. ಜೊತೆಗೆ ಹೊರಗೆ ಹೋಗಲು ಇನ್ನೂ ಒಪ್ಪಿಲ್ಲ.

ಹೆಂಡತಿಗೆ ಪ್ರತ್ಯೇಕವಾಗಿ ಹೇಳಬೇಕಾದ್ದಿತ್ತು. ಇಷ್ಟು ವರ್ಷ ಗಂಡ ಹೋಗುವ ಕಡೆಗೆಲ್ಲ ಆಕೆ ಮುಂಚೆಯೇ ಫೋನ್ ಮಾಡಿ ಎಲ್ಲ ಸರಿಯಿರುವಂತೆ ನೋಡಿಕೊಳ್ಳುತ್ತಿದ್ದರು. ಆತ ಕೂಗಾಡಿ ಹೋದ ಮೇಲೆ ಹಿಂದಿನಿಂದ ಕ್ಷಮೆ ಕೇಳುತ್ತಿದ್ದರು. ಇವೆರಡನ್ನೂ ನಿಲ್ಲಿಸಿ ಎಂದೆ. ಅವರು ಅಬ್ಬರಿಸಲು ಶುರು ಮಾಡಿದರೆ ಮಗಳನ್ನು ಕರೆದುಕೊಂಡು ಅಲ್ಲಿಂದ ಹೊರಡಿ, ಮನೆಗೆ ಬಂದ ಮೇಲೆ ನಿಮಗೆ ಹೇಗೆ ಅನ್ನಿಸಿತು ಎಂದು ನೇರವಾಗಿ ಹೇಳಿ ಎಂದೆ.