ಸಂಪಾದಕರ ಉತ್ತರ: ಮಡಿಕೇರಿಯಲ್ಲಿ ಗಾಂಜಾ ಔಷಧಿ ಅಂಗಡಿ ಯಾಕಿಲ್ಲ?

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅವರ ತಾಯಿಗೆ ಕ್ಯಾನ್ಸರ್. ಮೈಸೂರಿನಲ್ಲಿ ಕೀಮೊ ಕೊಡಿಸುತ್ತಿದ್ದಾರೆ. ವಾಂತಿ ನಿಲ್ಲುತ್ತಿಲ್ಲ, ಊಟ ಸೇರುತ್ತಿಲ್ಲ. ಅಮೆರಿಕದಲ್ಲಿರುವ ನೆಂಟರು, ಅಲ್ಲಿ ಇದಕ್ಕೆಂದೇ ಗಾಂಜಾ ಅಂಗಡಿಗಳಿವೆ ಎಂದರಂತೆ. “ಅಲ್ಲಿ ಆಗಿದ್ದು ಮಡಿಕೇರಿಯಲ್ಲಿ ಯಾಕೆ ಆಗಬಾರದು? ನಮ್ಮ ರಾಜಕಾರಣಿಗಳಿಗೆ ಏನು ಭಯ? ನಮಗೇ ಬೆಳೆಯಲು ಲೈಸೆನ್ಸ್ ಕೊಟ್ಟರೆ ಕಾಫಿ ದರ ಬಿದ್ದ ವರ್ಷ ಉಸಿರಾಡಬಹುದಲ್ವಾ?” ಎಂದು ಕೇಳಿದ್ದಾರೆ. ಆನ್‌ಲೈನ್‌ನಲ್ಲಿ ಸಿಗುವ ಗಾಂಜಾ ಎಣ್ಣೆ ತರಿಸಬಹುದಾ ಎಂಬ ಪ್ರಶ್ನೆಯೂ ಕೊನೆಗಿದೆ.

ಆ ಅಮೆರಿಕದ ಅಂಗಡಿ ಹುಟ್ಟಿದ್ದೇ ಒಂದು ಜಗಳದಿಂದ. 1990ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಏಡ್ಸ್ ರೋಗಿಗಳು ಹಸಿವಿಲ್ಲದೆ ಸೊರಗುತ್ತಿದ್ದರು. ಗಾಂಜಾ ಸೇದಿದರೆ ನಾಲ್ಕು ತುತ್ತು ಇಳಿಯುತ್ತದೆ ಎಂದು ಅವರಲ್ಲಿ ಅನೇಕರು ಹೇಳುತ್ತಿದ್ದರು. ಕ್ಯಾಲಿಫೋರ್ನಿಯಾದ ಶಾಸನಸಭೆ ಮಸೂದೆ ಪಾಸು ಮಾಡಿತು. ಗವರ್ನರ್ ಪೀಟ್ ವಿಲ್ಸನ್ ತಡೆದರು. ಕೊನೆಗೆ 1996ರ ನವೆಂಬರ್‌ನಲ್ಲಿ ಪ್ರಪೊಸಿಷನ್ 215 ಎಂಬ ಹೆಸರಿನಲ್ಲಿ ವಿಷಯ ನೇರ ಜನರ ಮತಕ್ಕೇ ಹೋಯಿತು. ಸುಮಾರು ಶೇ 56 ಮಂದಿ ಹೌದೆಂದರು.

ಆದರೆ ಅಲ್ಲಿನ ಕೇಂದ್ರದ ಕಾನೂನಿನಲ್ಲಿ ಗಾಂಜಾ ಆಗಲೂ ಹೆರಾಯಿನ್ ಇರುವ ಪಟ್ಟಿಯಲ್ಲೇ ಇತ್ತು. ಹಾಗಾಗಿ ಡಾಕ್ಟರು ಅದಕ್ಕೆ ಚೀಟಿ ಬರೆಯುವಂತಿರಲಿಲ್ಲ, ಬರೀ ಶಿಫಾರಸು ಮಾಡಬಹುದಿತ್ತು. ಮಾಮೂಲಿ ಮೆಡಿಕಲ್ ಶಾಪಿನವರು ಮಾರುವಂತಿರಲಿಲ್ಲ. ಬ್ಯಾಂಕಿನವರು ಖಾತೆ ತೆರೆಯಲು ಹೆದರುತ್ತಿದ್ದರು. ರಾಜ್ಯ ಒಪ್ಪಿದರೂ ಕೇಂದ್ರ ಕ್ರಮ ಕೈಗೊಳ್ಳಬಹುದು ಎಂದು 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಈ ಎರಡು ಕಾನೂನುಗಳ ಸಂದಿಯಲ್ಲಿ ಬೆಳೆದದ್ದು ಡಿಸ್ಪೆನ್ಸರಿ ಎಂಬ ಆ ಗಾಂಜಾ ಅಂಗಡಿ. ಬೇರೆ ದಾರಿ ಇಲ್ಲದ್ದಕ್ಕೆ ಮಾಡಿಕೊಂಡ ಏರ್ಪಾಡು ಅದು. ಜರ್ಮನಿ 2017ರಲ್ಲಿ ಔಷಧಿಗೆ ಒಪ್ಪಿಗೆ ಕೊಟ್ಟಾಗ ಈ ಗೋಜಿಗೇ ಹೋಗಲಿಲ್ಲ. ಡಾಕ್ಟರ ಚೀಟಿ ತೋರಿಸಿ, ಮಾಮೂಲಿ ಮೆಡಿಕಲ್ ಶಾಪಿನಲ್ಲೇ ತಗೊಳ್ಳಿ ಎಂದಿತು. ಥಾಯ್ಲೆಂಡ್ 2022ರಲ್ಲಿ ಅಂಗಡಿಗಳಿಗೆ ಬಾಗಿಲು ತೆರೆಯಿತು. ಬೀದಿಬೀದಿಯಲ್ಲಿ ಪ್ರವಾಸಿಗರು ಮುತ್ತಿಕೊಂಡರು. 2025ರಲ್ಲಿ ಮತ್ತೆ ಚೀಟಿ ಕಡ್ಡಾಯವಾಯಿತು. ಮಡಿಕೇರಿಯಲ್ಲಿ ಅಂಥ ಅಂಗಡಿ ತೆರೆದರೆ ಮೊದಲ ಸಾಲಿನಲ್ಲಿ ನಿಲ್ಲುವವರು ಯಾರು? ಹೋಂಸ್ಟೇ ನಡೆಸುವ ಯಾರನ್ನಾದರೂ ಕೇಳಿ ನೋಡಿ.

ಇನ್ನು ನಮ್ಮ ಕಾನೂನು. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾವನ್ನು ಪೂರ್ತಿ ನಿಷೇಧಿಸಿದೆ ಎಂದೇ ಎಲ್ಲರೂ ತಿಳಿದಿದ್ದಾರೆ. ಆದರೆ ಅದರ 8ನೇ ಸೆಕ್ಷನ್‌ನಲ್ಲೇ ವೈದ್ಯಕೀಯ ಮತ್ತು ವೈಜ್ಞಾನಿಕ ಬಳಕೆಗೆ ವಿನಾಯಿತಿ ಇದೆ. 10ನೇ ಸೆಕ್ಷನ್ ಪ್ರಕಾರ ಗಾಂಜಾ ಬೆಳೆಯಲು, ಮಾರಲು ನಿಯಮ ಮಾಡುವ ಅಧಿಕಾರ ರಾಜ್ಯ ಸರ್ಕಾರದ್ದು. ಹೂವಿನ ತುದಿ ಸೇರದ ಬರೀ ಸೊಪ್ಪು ಆ ಕಾಯ್ದೆಯ ಗಾಂಜಾ ವ್ಯಾಖ್ಯೆಯಲ್ಲೇ ಬರುವುದಿಲ್ಲ. ಭಂಗಿ ಎನ್‌ಡಿಪಿಎಸ್ ಅಡಿ ಬರುವುದಿಲ್ಲ ಎಂದು 2022ರಲ್ಲಿ ನಮ್ಮ ಹೈಕೋರ್ಟೇ ಒಂದು ಜಾಮೀನು ಪ್ರಕರಣದಲ್ಲಿ ಹೇಳಿದೆ. ಅಂದರೆ ಬೀಗದ ಕೈ ದೆಹಲಿಯಲ್ಲಿಲ್ಲ, ವಿಧಾನಸೌಧದಲ್ಲಿದೆ.

ಹಾಗಾದರೆ ಭಯ ಯಾಕೆ? 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ಕೈಬಿಟ್ಟಿತು. ಪರ 27, ವಿರೋಧ 25. ಪರವಾಗಿ ಕೈ ಎತ್ತಿದವರಲ್ಲಿ ಭಾರತವೂ ಇತ್ತು. ಅದೇ ವರ್ಷ ಬೆಂಗಳೂರಿನ ಸ್ಯಾಂಡಲ್‌ವುಡ್ ಡ್ರಗ್ಸ್ ಕೇಸು ಟೀವಿಯಲ್ಲಿ ಹಗಲೂ ರಾತ್ರಿ ಓಡುತ್ತಿತ್ತು. ಆ ಗದ್ದಲದ ನಡುವೆ ‘ರೋಗಿಗಳಿಗೆ ಗಾಂಜಾ’ ಎಂದು ಬಾಯಿಬಿಡುವ ಶಾಸಕನನ್ನು ಊಹಿಸಿಕೊಳ್ಳಿ. ಮರುದಿನವೇ ಎದುರು ಪಕ್ಷದವರು ಅವನ ಫೋಟೊಗೆ ಚಿಲುಮೆ ಅಂಟಿಸುತ್ತಾರೆ. ಕ್ಯಾಲಿಫೋರ್ನಿಯಾದಂತೆ ಜನರೇ ಮತ ಹಾಕಿ ಕಾನೂನು ಮಾಡುವ ದಾರಿ ನಮಗಿಲ್ಲ. ಕೊಡಗಿನಿಂದ ಹೋಗುವವರು 224ರಲ್ಲಿ ಇಬ್ಬರೇ. ಅವರ ಮುಂದೆ ಆನೆ ಹಾವಳಿ, ಗುಡ್ಡ ಕುಸಿತದ ಪರಿಹಾರ ಇವೇ ಸಾಲುಗಟ್ಟಿ ನಿಂತಿವೆ.

ನನ್ನನ್ನು ಜಾಸ್ತಿ ಕಾಡುವುದು ಮಾತ್ರ ಬೇರೆ ವಿಷಯ: ಮಾರ್ಫಿನ್. ನಮ್ಮ ದೇಶದಲ್ಲಿ ಅಫೀಮನ್ನು ಲೈಸೆನ್ಸ್ ಕೊಟ್ಟೇ ಬೆಳೆಸುತ್ತಾರೆ, ಹೊರದೇಶಕ್ಕೂ ಕಳಿಸುತ್ತಾರೆ. ಅದರಿಂದ ಬರುವ ಮಾರ್ಫಿನ್ ಕ್ಯಾನ್ಸರ್ ನೋವಿಗೆ ಒಳ್ಳೆಯ ಮದ್ದು. 1985ರ ಕಾಯ್ದೆ ಅದನ್ನು ಔಷಧಿಯಾಗಿ ನಿಷೇಧಿಸಲೇ ಇಲ್ಲ. ಸುಮ್ನೆ ಲೈಸೆನ್ಸ್ ಮೇಲೆ ಲೈಸೆನ್ಸ್ ಹೇರಿತು. ಅಬಕಾರಿಯವರದ್ದೊಂದು, ಡ್ರಗ್ಸ್ ಕಂಟ್ರೋಲರ್‌ದು ಇನ್ನೊಂದು. ಒಂದರ ಅವಧಿ ಮುಗಿದರೆ ಎಲ್ಲ ನಿಂತಿತು. ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಗಡಿಯಾಚೆ ಕೇರಳದಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಓಡಾಡಿ ರೋಗಿಗಳ ಮನೆಬಾಗಿಲಿಗೆ ಅದನ್ನು ತಲುಪಿಸಿದರು. ಕಾಯ್ದೆ ತಿದ್ದಿ ಒಂದೇ ಲೈಸೆನ್ಸ್ ಸಾಕು ಎಂದು ಮಾಡಲು 2014ರವರೆಗೆ ಕಾಯಬೇಕಾಯಿತು. ಆ ಇಪ್ಪತ್ತೊಂಬತ್ತು ವರ್ಷ ನರಳಿ ಹೋದವರಿಗೆ ಅಡ್ಡಿಯಾದದ್ದು ನಿಷೇಧವಲ್ಲ, ಲೈಸೆನ್ಸ್‌ಗಳ ಗೋಜಲು, ಗೊತ್ತಾ? ಗಾಂಜಾ ಔಷಧಿಗೆ ನಾಳೆ ಒಪ್ಪಿಗೆ ಸಿಕ್ಕರೂ ಇದೇ ಗತಿ ಆಗಬಹುದು. ಅಂಗಡಿ ಕೇಳುವ ಬದಲು ಜಿಲ್ಲಾಸ್ಪತ್ರೆಯ ಔಷಧಿ ಕೌಂಟರ್‌ನಲ್ಲಿ ಏನೇನು ಸಿಗಬೇಕು ಎಂದು ಕೇಳುವುದು ಒಳ್ಳೆಯದು ಎನ್ನುವುದು ಅದಕ್ಕೇ.

ಬೆಳೆಯುವ ಆಸೆ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಉತ್ತರಾಖಂಡದವರು 2018ರಿಂದ ಲೈಸೆನ್ಸ್ ಕೊಡುತ್ತಿರುವುದು ನಶೆಯೇ ಇಲ್ಲದ, ನಾರಿನ ತಳಿಗೆ. ಔಷಧಿಯ ಬೆಳೆ ಬಂದರೂ ಅದು ಅಫೀಮಿನ ದಾರಿಯನ್ನೇ ಹಿಡಿದೀತು. ಅಲ್ಲಿ ಬೆಳೆದದ್ದನ್ನೆಲ್ಲ ಸರ್ಕಾರಕ್ಕೇ, ಸರ್ಕಾರ ಹೇಳಿದ ದರಕ್ಕೆ ಕೊಡಬೇಕು. ನಿಗದಿಯಷ್ಟು ಇಳುವರಿ ಬಾರದಿದ್ದರೆ ಲೈಸೆನ್ಸೇ ಹೋಗಬಹುದು. ಕಾಫಿಯನ್ನೆಲ್ಲ ಬೋರ್ಡಿಗೇ ಕೊಡಬೇಕಿದ್ದ ಕಾಫಿ ಬೋರ್ಡ್‌ನ ಪೂಲ್ ಕಾಲದಲ್ಲಿ ದುಡ್ಡಿಗಾಗಿ ಕಾದು ಕೂತ ಹಿರಿಯರು ನಿಮ್ಮ ಮನೆಯಲ್ಲೇ ಇರಬಹುದು, ಕೇಳಿ. ಲೈಸೆನ್ಸ್ ಇಲ್ಲದೆ ಮೆಣಸಿನ ಬಳ್ಳಿ ಮರೆಯಲ್ಲಿ ನಾಲ್ಕು ಗಿಡ ನೆಡುವ ಯೋಚನೆಯಂತೂ ಬೇಡ. ಹತ್ತು ವರ್ಷದವರೆಗೆ ಜೈಲು. ಪೊಲೀಸರು ಹೊತ್ತುಕೊಂಡು ಹೋಗುವುದು ತೋಟದ ಲೈನ್ ಮನೆಯ ಕೂಲಿಯವರನ್ನೂ ಆಗಬಹುದು.

ಈಗ ನಿಮ್ಮ ತಾಯಿಯ ವಿಷಯ. ಗಾಂಜಾದಲ್ಲಿ ನಶೆ ತರುವ ಟಿಎಚ್‌ಸಿ ಅಂಶದ ಡ್ರೊನಾಬಿನಾಲ್ ಎಂಬ ಔಷಧಿ ಕೀಮೊ ವಾಂತಿಗೆ ಅಮೆರಿಕದಲ್ಲಿ ಮಾನ್ಯವಾದದ್ದು 1985ರಲ್ಲಿ, ನಮ್ಮ ಕಾಯ್ದೆ ಬಂದ ವರ್ಷವೇ. ಆದರೆ ಅಲ್ಲೂ ಡಾಕ್ಟರು ಮೊದಲು ಕೊಡುವುದು ಅದನ್ನಲ್ಲ. ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಸಾಲದಿದ್ದರೆ ಒಲಾಂಜಪಿನ್ ಎಂಬ ಇನ್ನೊಂದು ಔಷಧಿ ಸೇರಿಸುವುದುಂಟು. ಎರಡೂ ಕಡಿಮೆ ಬೆಲೆಯವು, ಇಲ್ಲೇ ಸಿಗುತ್ತವೆ. ಮುಂದಿನ ಸಲ ಮೈಸೂರಿಗೆ ಹೋದಾಗ ಹೆಸರು ಹೇಳಿಯೇ ಕೇಳಿ. ಎಣ್ಣೆ ಕೊಳ್ಳಲೇಬೇಕು ಎನಿಸಿದರೆ ಆಯುರ್ವೇದ ವೈದ್ಯರ ಚೀಟಿ ಇರಲಿ, ಬಾಟಲಿ ಮೇಲೆ ತಯಾರಿಕಾ ಲೈಸೆನ್ಸ್ ನಂಬರ್ ಇದೆಯೇ ನೋಡಿ. ಕ್ಯಾನ್ಸರ್ ಗುಣವಾಗುತ್ತದೆ ಎಂದು ಬರೆದಿದ್ದರೆ ಮುಟ್ಟಬೇಡಿ. ನಿಮ್ಮ ತಾಯಿ ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಈ ಎಣ್ಣೆಯಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹಾಗಾಗಿ ಕೀಮೊ ಡಾಕ್ಟರಿಗೆ ಮುಚ್ಚಿಟ್ಟು ಒಂದು ಹನಿಯೂ ಕೊಡಬೇಡಿ.