ಚೌರಿಚೌರಾ ಲೇಖನ ಕಳಿಸಿದವರಿಗೆ

ನಮಸ್ಕಾರ.

ಚಿತ್ರದುರ್ಗದಿಂದ ನೀವು ಕಳಿಸಿದ ‘ಗಾಂಧಿ ತಪ್ಪಿದ ಮೂರು ಕಡೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಆದರೆ ಬರೆದವರ ಕಳಕಳಿ ನಿಜವಾದದ್ದು ಅಂತ ಗೊತ್ತಾಯಿತು. ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

1922ರಲ್ಲಿ ಚೌರಿಚೌರಾ ಘಟನೆಯ ನಂತರ ಗಾಂಧಿ ಅಸಹಕಾರ ಚಳವಳಿ ನಿಲ್ಲಿಸಿದ್ದು, 1931ರ ಗಾಂಧಿ-ಇರ್ವಿನ್ ಒಪ್ಪಂದ, 1932ರ ಪುಣೆ ಒಪ್ಪಂದ, ಮೂರನ್ನೂ ಆರು ಪುಟಕ್ಕೆ ತುಂಬಿದ್ದೀರಿ. ಪುಣೆ ಒಪ್ಪಂದಕ್ಕೆ ಸಿಕ್ಕಿದ್ದು ಒಂದೇ ಪ್ಯಾರಾ, ಅದರಲ್ಲಿ ದಲಿತರಿಗೆ ಪ್ರತ್ಯೇಕ ಮತದಾನ ಬೇಕೆಂದ ಅಂಬೇಡ್ಕರ್ ಅವರ ವಾದವೇ ಇಲ್ಲ. ಅದಿಲ್ಲದೆ ಆ ವಿಷಯ ಮುಟ್ಟಬಾರದು. ಆ ಎರಡು ಒಪ್ಪಂದಗಳನ್ನೂ ತೆಗೆಯಿರಿ, ಚೌರಿಚೌರಾ ಒಂದನ್ನೇ ಉಳಿಸಿಕೊಳ್ಳಿ.

‘ಆ ಒಂದು ನಿರ್ಧಾರ ಇಲ್ಲದಿದ್ದರೆ 1922ರಲ್ಲೇ ಸ್ವಾತಂತ್ರ್ಯ ಸಿಗುತ್ತಿತ್ತು’ ಅಂತ ಶುರು ಮಾಡಿದ್ದೀರಿ. ಸಿಗುತ್ತಿತ್ತು ಅಂತ ಯಾರು ತೋರಿಸಬಲ್ಲರು? ನಿಮ್ಮ ಇಡೀ ಆರೋಪ ಈ ಊಹೆಯ ಮೇಲೆ ನಿಂತಿದೆ. ಗಾಂಧಿಯನ್ನು ಮೆಚ್ಚುವ ಓದುಗರು ಮೊದಲ ಸಾಲಿಗೇ ಪುಟ ಮಗುಚುತ್ತಾರೆ.

ಮೊದಲು ಚಳವಳಿ ನಿಲ್ಲಿಸಿದ ದಿನ ಗಾಂಧಿಯ ಮುಂದೆ ಏನಿತ್ತು ಅಂತ ಹೇಳಿ. 1921ರ ನವೆಂಬರ್ 17ರಂದು ಬ್ರಿಟಿಷ್ ಯುವರಾಜ ಬೊಂಬಾಯಿಗೆ ಬಂದಿಳಿದಾಗ ಅಲ್ಲಿ ಗಲಭೆಯಾಗಿ ಹೆಣಗಳು ಬಿದ್ದವು. ಗಾಂಧಿ ಊರಲ್ಲೇ ಇದ್ದರು. ಉಪವಾಸ ಕೂತರು, ಗುಜರಾತಿನ ಬಾರ್ಡೋಲಿಯಲ್ಲಿ ಆಗಬೇಕಿದ್ದ ಕರನಿರಾಕರಣೆಯನ್ನು ಮುಂದೂಡಿದರು. 1922ರ ಫೆಬ್ರವರಿ 1ರಂದು ವೈಸ್‌ರಾಯ್ ರೀಡಿಂಗ್‌ಗೆ ಪತ್ರ ಬರೆದು, ಚಳವಳಿಯ ಕೈದಿಗಳನ್ನು ಬಿಡದಿದ್ದರೆ ಕರನಿರಾಕರಣೆ ಶುರುವಾಗುತ್ತದೆ ಅಂತ ಏಳು ದಿನದ ಗಡುವು ಕೊಟ್ಟರು. 4ರಂದು ಗೋರಖಪುರ ಜಿಲ್ಲೆಯ ಚೌರಿಚೌರಾದಲ್ಲಿ ಪೊಲೀಸರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು. ರೊಚ್ಚಿಗೆದ್ದ ಜನ ಠಾಣೆಗೆ ಬೆಂಕಿಯಿಟ್ಟರು, 22 ಪೊಲೀಸರು ಸತ್ತರು. 12ರಂದು ಬಾರ್ಡೋಲಿಯಲ್ಲಿ ಚಳವಳಿ ನಿಲ್ಲಿಸುವ ನಿರ್ಣಯವಾಯಿತು.

ನಿಮ್ಮ ಲೇಖನದಲ್ಲಿ ಬೊಂಬಾಯಿಯ ಸುಳಿವೇ ಇಲ್ಲ. ಅದನ್ನು ಬಿಟ್ಟರೆ ಗಾಂಧಿ ಒಂದು ಘಟನೆಗೆ ಹೆದರಿ ಹಿಂದೆ ಸರಿದವರಂತೆ ಕಾಣುತ್ತಾರೆ. ಸೇರಿಸಿದರೆ, ಎರಡನೇ ಸಲವೂ ಜನ ಕೈಮೀರಿದ್ದನ್ನು ಕಂಡವರಾಗುತ್ತಾರೆ. ಆಮೇಲೂ ನೀವು ಅವರನ್ನು ಒಪ್ಪದೇ ಇರಬಹುದು, ಅದು ಬೇರೆ ಮಾತು.

ಅಚ್ಚರಿಯೆಂದರೆ, ನಿಜವಾಗಿ ಕಟುವಾಗಿ ಕೇಳಬೇಕಾದ ಕಡೆ ನೀವು ಅವರನ್ನು ಸುಮ್ನೆ ಬಿಟ್ಟಿದ್ದೀರಿ. ಬಾರ್ಡೋಲಿ ನಿರ್ಣಯವನ್ನೇ ಓದಿ. ಜಮೀನ್ದಾರರಿಗೆ ಗೇಣಿ ಕೊಡದಿರುವುದು ಕಾಂಗ್ರೆಸ್ ನಿರ್ಣಯಗಳಿಗೆ ವಿರುದ್ಧ ಅಂತ ರೈತರಿಗೆ ತಿಳಿಹೇಳಿ ಎಂದು ಅದರಲ್ಲಿದೆ. ಪೊಲೀಸರ ಸಾವಿನಿಂದ ನೊಂದು ಮಾಡಿದ ನಿರ್ಣಯದಲ್ಲಿ ಗೇಣಿಯ ಮಾತೇಕೆ ಬಂತು? ತಮ್ಮ ಪತ್ರಿಕೆ ‘ಯಂಗ್ ಇಂಡಿಯಾ’ದಲ್ಲಿ ಗಾಂಧಿ, ತಪ್ಪು ಮಾಡಿ ಪಶ್ಚಾತ್ತಾಪ ಪಟ್ಟವರು ತಾವಾಗಿಯೇ ಸರ್ಕಾರಕ್ಕೆ ಶರಣಾಗಲಿ ಅಂತಲೂ ಬರೆದರು. ಠಾಣೆ ಸುಟ್ಟ ಪ್ರಕರಣದಲ್ಲಿ 1923ರ ಜನವರಿಯಲ್ಲಿ ಸೆಷನ್ಸ್ ನ್ಯಾಯಾಲಯ 172 ಜನರಿಗೆ ಗಲ್ಲು ವಿಧಿಸಿತು. ಅಲಹಾಬಾದ್ ಹೈಕೋರ್ಟಿನಲ್ಲಿ ಮದನಮೋಹನ ಮಾಳವೀಯರು ಅವರ ಪರ ವಾದಿಸಿದರು. ಕೊನೆಗೆ 19 ಮಂದಿಯನ್ನು ನೇಣಿಗೆ ಹಾಕಿದರು. ಗಾಂಧಿಯ ಹೆಸರು ಹೇಳಿಕೊಂಡು ಬೀದಿಗೆ ಬಂದ ಬಡವರು ಅವರು. ಅವರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ ಅನ್ನುವುದು ನನಗೆ ತುಂಬಾ ನೋವು ಕೊಟ್ಟಿತು. ಚಳವಳಿ ನಿಲ್ಲಿಸಿದ್ದಕ್ಕಿಂತ, ಈ ಜನರನ್ನು ಕೈಬಿಟ್ಟದ್ದೇ ದೊಡ್ಡ ಪ್ರಶ್ನೆ ಅಂತ ನಾನು ನಂಬಿದ್ದೇನೆ.

ಸುಭಾಷರ ಬಾಯಲ್ಲಿ ನೀವು ಹಾಕಿರುವ ಮಾತಿಗೆ ದಿನಾಂಕ ಇಲ್ಲ, ಎಲ್ಲಿಂದ ತಂದಿರಿ ಅಂತಲೂ ಇಲ್ಲ. ತೆಗೆದುಬಿಡಿ. ‘ಮಹಾದ್ರೋಹ’ ಎಂಬ ಪದ ನಾಲ್ಕು ಕಡೆ ಇದೆ, ಅದೂ ಬೇಡ.

ನಿಮ್ಮ ಜಿಲ್ಲೆಯ ತುರುವನೂರಿನ ಬಗ್ಗೆ ಬರೆದ ಸಾಲುಗಳು ಮಾತ್ರ ಚೆನ್ನಾಗಿವೆ, ಆದರೆ ಅರ್ಧಕ್ಕೇ ನಿಂತಿವೆ. 1939ರಲ್ಲಿ ಅಲ್ಲಿ ಹೆಂಡ ಇಳಿಸುವ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದಾಗ ನಿಜಲಿಂಗಪ್ಪನವರಂಥ ಮುಂದಾಳುಗಳು ಇದೇ ಜಿಲ್ಲೆಯಲ್ಲಿ ಓಡಾಡಿಕೊಂಡಿದ್ದವರು. ಚೌರಿಚೌರಾ ಹೊತ್ತಿ ಉರಿದಾಗ ಗಾಂಧಿ ಇದ್ದದ್ದು ದೂರದ ಗುಜರಾತಿನಲ್ಲಿ. ಮುಂದಾಳು ಹತ್ತಿರ ಇರುವುದಕ್ಕೂ ದೂರ ಇರುವುದಕ್ಕೂ ಏನು ವ್ಯತ್ಯಾಸ? ನಮ್ಮ ಕಡೆಯವರು ಇದನ್ನು ಬರೆದರೆ ಹೊಸದೇನಾದರೂ ಸಿಗುತ್ತದೆ, ಅಲ್ವಾ? ತುರುವನೂರಿಗೆ ಹೋಗಿ, ಹಳೆಯ ಮನೆತನದವರನ್ನು ಮಾತಾಡಿಸಿ.

ಗಾಂಧಿಯ ಸಮಗ್ರ ಬರಹಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಆ ಫೆಬ್ರವರಿಯ ಬರಹಗಳನ್ನಷ್ಟೇ ಮೊದಲು ಓದಿ. ಹೊಸ ಪ್ರತಿ ಎಂಟು ಪುಟ ಆದರೂ ಪರವಾಗಿಲ್ಲ, ಯುಗಾದಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ದಾವಣಗೆರೆಗೆ ಬಂದರೆ ಕಚೇರಿಗೆ ಬನ್ನಿ, ಕೂತು ಮಾತಾಡೋಣ.

ನಿಮ್ಮ,
ಸಂಪಾದಕ